ಪಥ್ಯದ ಪಾಳಿ

“ಸರ್, ಈಗ ಸಹಿ ಮಾಡಿಬಿಡ್ಲ್ಯೋ, ಓದು ಮುಗಿಯೋತನಕಾ ತಡೀಲ್ಯೋ?” ಎಂದು ಕಸ್ತೂರಿ ಕೇಳಿದಳು.

ಕಸ್ತೂರಿ ಎಲುಬು ಮತ್ತು ಕೀಲಿನ ವಿಭಾಗದಲ್ಲಿ ಸ್ನಾತಕೋತ್ತರ ಓದುತ್ತಿದ್ದ ವೈದ್ಯೆ. ಓದು ಮುಗಿಯಲು ಇನ್ನೂ ವರ್ಷದ ಮೇಲಿತ್ತು. ಅಷ್ಟರಲ್ಲೇ ದೊಡ್ಡ ಖಾಸಗಿ ಆಸ್ಪತ್ರೆಯೊಂದು ಅವಳನ್ನು ಕರೆದಿತ್ತು. ಅಲ್ಲಿ ಮೊಣಕಾಲಿನ ಕೀಲು ಬದಲಿಸುವುದೊಂದೇ ಕೆಲಸ. ಇವತ್ತು ಒಪ್ಪಂದಕ್ಕೆ ಸಹಿ ಹಾಕಿದರೆ ಬರುವ ತಿಂಗಳಿನಿಂದಲೇ ಕೈಗೆ ಹಣ. ಓದು ಮುಗಿದ ಮೇಲೆ ಐದು ವರ್ಷ ಅಲ್ಲೇ ಇರಬೇಕು, ಬೇರೆ ಕಡೆ ಕಾಲಿಡುವಂತಿಲ್ಲ. ಶನಿವಾರದೊಳಗೆ ಉತ್ತರ ಹೇಳಬೇಕಿತ್ತು. ಮೊಣಕಾಲಿನ ಶಸ್ತ್ರಕ್ರಿಯೆಯಲ್ಲಿ ಅವಳ ಕೈ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಅವಳು ಕೇಳಿದ್ದು ಡಾ. ಫಕೀರಪ್ಪನವರನ್ನು. ಅವರು ವಿಭಾಗದ ಹಿರಿಯರು, ಅವಳಿಗೆ ಚಾಕು ಹಿಡಿಯುವುದನ್ನು ಕಲಿಸಿದವರು. ಫಕೀರಪ್ಪನವರು ಯಾವ ಪ್ರಶ್ನೆಗಾದರೂ ನೇರ ಉತ್ತರ ಕೊಟ್ಟದ್ದನ್ನು ಆ ಕಾಲೇಜಿನಲ್ಲಿ ಯಾರೂ ಕಂಡವರಿಲ್ಲ. ಒಂದು ಕತೆ ಹೇಳುತ್ತಾರೆ, ಕೇಳಿದವರು ಮನೆಗೆ ಹೋಗಿ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಅವತ್ತೂ ಅವರು ಹೇಳಿದ್ದು ಕತೆಯನ್ನೇ.

ಒಂದೂರಿನಲ್ಲಿ ಒಬ್ಬ ಹೆಸರಾಂತ ಅಡಿಗೆಯವನಿದ್ದ. ಅವನ ಕೈಕೆಳಗೆ ಐದು ವರ್ಷ ಪಳಗಿದವನಿಗೆ ಎಲ್ಲಿ ಹೋದರೂ ಕೆಲಸಕ್ಕೆ ಕೊರತೆಯಿರಲಿಲ್ಲ. ಅವನು ಕಲಿಸುವ ಕ್ರಮ ಮಾತ್ರ ತಲೆಕೆಳಗು. ಬೇರೆಯವರು ಗಂಜಿ ಸಾರಿನಿಂದ ಶುರುಮಾಡಿ ಹೋಳಿಗೆಗೆ ಬರುತ್ತಿದ್ದರು. ಇವನು ಹೋಳಿಗೆ, ಬುಂದಿ, ಚಿರೋಟಿಯಿಂದ ಶುರುಮಾಡಿ ಕೊನೆಯ ಎರಡು ವರ್ಷಕ್ಕೆ ಪಥ್ಯದ ಅಡಿಗೆಗೆ ಬರುತ್ತಿದ್ದ. ಊರಿನಲ್ಲಿ ಯಾರಾದರೂ ಜ್ವರ ಬಿಟ್ಟು ಎದ್ದಿರಲಿ, ಬಾಣಂತಿ ಇರಲಿ, ಹಲ್ಲು ಹೋದ ಮುದುಕರಿರಲಿ, ಅಂಥವರ ಮನೆಗೆ ಶಿಷ್ಯರು ಸರದಿಯ ಮೇಲೆ ಹೋಗಿ ಬೇಯಿಸಿ, ಉಣ್ಣಿಸಿ ಬರಬೇಕು. ಅದಕ್ಕೆ ಪಥ್ಯದ ಪಾಳಿ ಎಂದು ಹೆಸರು. ಅಲ್ಲಿ ಕಾಸು ಹುಟ್ಟುವುದಿಲ್ಲ, ಹೊಗಳಿಕೆಯಂತೂ ಮೊದಲೇ ಇಲ್ಲ. ಹಸಿದು ಬಂದವನಿಗೆ ಯಾರು ಬಡಿಸಿದರೂ ಉಣ್ಣುತ್ತಾನೆ, ಅನ್ನ ಕಂಡರೆ ಮುಖ ತಿರುಗಿಸುವವನಿಗೆ ಉಣ್ಣಿಸಲು ಬಂದರೆ ಮಾತ್ರ ಅಡಿಗೆ ಬಂತು ಎಂದು ಗುರು ನಂಬಿದ್ದ.

ಅವನ ಬಳಿ ಒಬ್ಬ ಶಿಷ್ಯನಿದ್ದ. ಮೂರು ವರ್ಷ ಮುಗಿಸಿದ್ದ. ಹೋಳಿಗೆ ಅವನ ಕೈಯಲ್ಲಿ ಕುಣಿಯುತ್ತಿತ್ತು. ಒಂದು ಮದುವೆಯಲ್ಲಿ ಆ ಹೋಳಿಗೆ ತಿಂದ ಕಾಳಿನ ವ್ಯಾಪಾರಿಯೊಬ್ಬ ಕೈ ತೊಳೆಯುವ ಮೊದಲೇ ಅಡಿಗೆಮನೆಗೆ ಬಂದ. ಮಾಡಿದವನು ಯಾರೆಂದು ಕೇಳಿ ತಿಳಿದುಕೊಂಡ. ನಿನ್ನ ಕಲಿಕೆ ಮುಗಿದ ದಿನ ನಮ್ಮ ಮನೆಗೆ ಬಾ, ಏಳು ವರ್ಷ ನಮ್ಮಲ್ಲೇ ಇರು, ನೀನು ಬರುವವರೆಗೆ ನಿನ್ನ ತಾಯಿಗೆ ತಿಂಗಳು ತಿಂಗಳು ಜೋಳ ಬೇಳೆ ಕಳಿಸುತ್ತೇನೆ ಎಂದ. ಶಿಷ್ಯನಿಗೆ ನೆಲ ಕಾಲಿಗೆ ಸಿಗಲಿಲ್ಲ. ಓಡಿಹೋಗಿ ಗುರುವಿಗೆ ಹೇಳಿದ. ಒಳ್ಳೆಯ ಮನೆ, ಮಾತು ಕೊಡು ಎಂದು ಗುರುವೂ ಒಪ್ಪಿದ. ನಾಲ್ಕು ಜನ ಹಿರಿಯರ ಎದುರು ಶಿಷ್ಯ ವ್ಯಾಪಾರಿಯ ಕೈಯಿಂದ ವೀಳ್ಯ ತೆಗೆದುಕೊಂಡ. ಅಲ್ಲಿಯವರೆಗೆ ಯಾರೂ ಯಾವ ತಪ್ಪನ್ನೂ ಮಾಡಿರಲಿಲ್ಲ.

ಆಮೇಲೆ ಪಥ್ಯದ ಪಾಳಿ ಬಂತು. ಮೊದಲ ದಿನವೇ ಒಬ್ಬ ಮುದುಕ ಶಿಷ್ಯ ಮಾಡಿದ ಗಂಜಿಯನ್ನು ಬಾಯಿಗಿಟ್ಟು, ಅವನ ಅಂಗೈಗೇ ಉಗುಳಿದ. ಮೂರು ವರ್ಷ ಶಹಬ್ಬಾಸ್ ಕೇಳಿದ್ದ ಹುಡುಗ ಅವನು. ಅವಮಾನದಿಂದ ಮುಖ ಕೆಂಪಾಯಿತು. ಎರಡನೆಯ ಮನೆಯಲ್ಲಿ ಬಾಣಂತಿಯ ತಾಯಿ ಅವನನ್ನು ಬದಿಗೆ ಸರಿಸಿ ತಾನೇ ಒಲೆಯ ಮುಂದೆ ಕುಳಿತಳು. ತನಗೆ ಬಾರದ ಕೆಲಸವೂ ಒಂದಿದೆ ಎಂದು ಅವನಿಗೆ ಅವತ್ತು ಗೊತ್ತಾಯಿತು. ಬೇರೆ ಶಿಷ್ಯರಿಗೂ ಹೀಗೇ ಗೊತ್ತಾಗಿತ್ತು, ಅವರು ಹಲ್ಲುಕಚ್ಚಿ ಕಲಿತಿದ್ದರು. ಇವನಿಗೆ ಮಾತ್ರ ತಪ್ಪಿಸಿಕೊಳ್ಳಲು ಒಂದು ಬಾಗಿಲಿತ್ತು. ಸಾವ್ಕಾರರ ಮನೆಯಲ್ಲಿ ಗಂಜಿ ಯಾರಿಗೆ ಬೇಕು ಎಂದುಕೊಂಡ. ತನ್ನ ಪಾಳಿಯನ್ನು ತನಗಿಂತ ಕಿರಿಯವನೊಬ್ಬನಿಗೆ ಬಿಟ್ಟುಕೊಟ್ಟು ಹೋಳಿಗೆಯ ಹೆಂಚಿನ ಮುಂದೆ ಹೋಗಿ ನಿಂತ. ಕಿರಿಯವನು ಅಂಥ ಮನೆಗಳಿಗೆ ಹೋಗಿ ಬೈಸಿಕೊಂಡು ಬರುತ್ತಿದ್ದ. ಇವನ ಹೋಳಿಗೆ ಇನ್ನೂ ತೆಳುವಾಯಿತು, ಇನ್ನೂ ಮೆದುವಾಯಿತು.

ಗುರು ಎಲ್ಲವನ್ನೂ ನೋಡಿದ, ಒಂದು ಮಾತೂ ಆಡಲಿಲ್ಲ. ಕಲಿಯಲಾರೆ ಎಂದು ಅಳುವವನನ್ನು ಗದರಿಸಿ ಕೂರಿಸಬಹುದು. ಕಲಿತದ್ದು ಸಾಕು ಎಂದು ನಗುತ್ತಿರುವವನನ್ನು ಏನು ಮಾಡುವುದು?

ಎರಡು ವರ್ಷ ಕಳೆಯಿತು. ಶಿಷ್ಯ ಹೊಸ ಧೋತರ ಉಟ್ಟು, ತನ್ನದೇ ಲಟ್ಟಣಿಗೆ ಹಿಡಿದು ವ್ಯಾಪಾರಿಯ ಮನೆಗೆ ಬಂದ. ಬಂದವನೇ ಒಲೆ ಹೊತ್ತಿಸಿ ಹೋಳಿಗೆ ಮಾಡಿ ಬಡಿಸಿದ. ವ್ಯಾಪಾರಿ ಎಲೆಯನ್ನು ನೋಡಿದ, ಕಣ್ಣು ಮುಚ್ಚಿ ವಾಸನೆ ತೆಗೆದುಕೊಂಡ, ಆಮೇಲೆ ಎಲೆಯನ್ನು ಹಿಂದಕ್ಕೆ ಸರಿಸಿದ. ಅವನಿಗೆ ಸಕ್ಕರೆ ಕಾಯಿಲೆ ಬಂದು ವರ್ಷವಾಗಿತ್ತು. ಸಿಹಿ ಕೂಡದು, ಎಣ್ಣೆ ಕೂಡದು, ಉಪ್ಪು ಲೆಕ್ಕಕ್ಕೆ ಸರಿಯಾಗಿ ಎಂದು ವೈದ್ಯರು ಹೇಳಿದ್ದರು. ಮನೆಯವರು ಬೇಯಿಸಿ ಕೊಡುವುದು ಗಂಟಲಿಗೆ ಇಳಿಯದೆ ಆಳು ಅರ್ಧವಾಗಿದ್ದ. ಇಷ್ಟು ದಿನ ನಿನ್ನ ದಾರಿಯನ್ನೇ ಕಾಯುತ್ತಿದ್ದೆ, ಅಂಥ ಗುರುವಿನ ಶಿಷ್ಯ ನೀನು, ನಾನು ಉಣ್ಣುವಂಥ ಪಥ್ಯ ಮಾಡಿ ಹಾಕು ಎಂದ.

ಶಿಷ್ಯ ಹೆದರಲಿಲ್ಲ. ಇದೇನು ಮಹಾ ಎಂದುಕೊಂಡ. ಸಿಹಿ ಬಲ್ಲವನಿಗೆ ಸಪ್ಪೆ ಬಾರದೆ ಹೋಗುತ್ತದೆಯೇ? ತಾನು ಬಲ್ಲ ಒಂದೊಂದು ಅಡಿಗೆಯನ್ನೂ ತೆಗೆದುಕೊಂಡು ಅದರಿಂದ ಸಕ್ಕರೆ ತೆಗೆದ, ಎಣ್ಣೆ ತೆಗೆದ, ಉಪ್ಪು ತೆಗೆದ. ಕೈ ಪಳಗಿದ ಅಡಿಗೆಯವನು ಮಾತ್ರ ಮಾಡುವ ತಪ್ಪು ಅದು. ಅಡಿಗೆಯೇ ಬಾರದವನು ಯಾರನ್ನಾದರೂ ಕೇಳಿ ಮಾಡುತ್ತಿದ್ದ. ವ್ಯಾಪಾರಿ ಮೊದಲ ದಿನ ಅರ್ಧ ಉಂಡ. ಮರುದಿನ ಎರಡು ತುತ್ತು ಉಂಡ. ಮೂರನೆಯ ದಿನ ತಟ್ಟೆಯನ್ನು ಕೆಳಗಿಟ್ಟು ಶಿಷ್ಯನನ್ನು ಕರೆದ.

“ನೀ ಸಕ್ಕರಿ ತೆಗದಿ, ಎಣ್ಣಿ ತೆಗದಿ, ಉಪ್ಪ ತೆಗದಿ. ಹಾಕಿದ್ದೇನು?”

ಶಿಷ್ಯ ತಡವರಿಸಿ, “ಸಾವ್ಕಾರ್ರ, ನೀವು ನನ್ನ ಕರದಿದ್ದು ಹೋಳಿಗಿಗೆ” ಎಂದ.

“ಹೌದು. ಆದ್ರ ಅವತ್ತ ನಿನ್ನ ಕಲಿಕಿ ಇನ್ನೂ ಎರಡು ವರ್ಷ ಬಾಕಿ ಇತ್ತು. ಅದನ್ನೂ ಸೇರಿಸೇ ನಾ ವೀಳ್ಯ ಕೊಟ್ಟಿದ್ದೆ.”

ಶಿಷ್ಯ ಅಡಿಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತು ಅತ್ತ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಮುದುಕ ಉಗುಳಿದಾಗ ಆಗಿದ್ದು ಅವಮಾನ. ಈಗ ಎದುರಿಗಿದ್ದವನು ಹಸಿವೆಯಿಂದ ಸೊರಗುತ್ತಿದ್ದ, ಉಣ್ಣಿಸಬೇಕಾದವನು ತಾನು, ತನ್ನ ಕೈಯಲ್ಲಿ ಆಗುತ್ತಿಲ್ಲ. ಹೀಗೇ ಬಿಟ್ಟರೆ ರೋಗಕ್ಕಿಂತ ಮೊದಲು ಉಪವಾಸವೇ ಈ ಮನುಷ್ಯನನ್ನು ಮುಗಿಸುತ್ತದೆ ಎಂದು ಅವನಿಗೆ ಸ್ಪಷ್ಟವಾಗಿ ಕಂಡಿತು.

ಸಂಜೆ ಹೋಗಿ, ತನ್ನನ್ನು ಮಾತಿನಿಂದ ಬಿಡಿಸಿ, ಬೇರೆಯವರನ್ನು ಇಟ್ಟುಕೊಳ್ಳಿ ಎಂದು ಕೇಳಿಕೊಂಡ. ವ್ಯಾಪಾರಿ ಒಪ್ಪಲಿಲ್ಲ. ಕೊಟ್ಟ ವೀಳ್ಯ ಕೊಟ್ಟ ಹಾಗೆಯೇ ಎಂದ. ಹೋಗಿ ಉಳಿದದ್ದನ್ನು ಕಲಿತು ಬಾ, ನಾನು ಹೇಗೋ ತಡೆದುಕೊಂಡಿರುತ್ತೇನೆ, ಆದರೆ ಏಳು ವರ್ಷದ ಲೆಕ್ಕ ನೀನು ತಿರುಗಿ ಬಂದ ದಿನದಿಂದ ಶುರು ಎಂದ. ವ್ಯಾಪಾರಿ ಕಾಯಿಲೆ ಬಿದ್ದಿದ್ದು ನಿಜ, ಆದರೂ ವ್ಯಾಪಾರಿಯೇ.

ಶಿಷ್ಯ ಗುರುವಿನ ಬಾಗಿಲಿಗೆ ಬಂದ. ಗುರು ಯಾಕೆ ಬಂದೆ ಎಂದು ಕೇಳಲಿಲ್ಲ. ಪಥ್ಯದ ಪಾಳಿ ಈಗ ಯಾರು ನೋಡಿಕೊಳ್ಳುತ್ತಾರೋ ಅವರ ಕೈಕೆಳಗೆ ಹೋಗು ಎಂದಷ್ಟೇ ಹೇಳಿದ. ನೋಡಿಕೊಳ್ಳುತ್ತಿದ್ದವನು ಬೇರೆ ಯಾರೂ ಅಲ್ಲ, ಇವನು ಪಾಳಿ ಬಿಟ್ಟುಕೊಟ್ಟ ಆ ಕಿರಿಯವನೇ. ಶಿಷ್ಯ ಎಲ್ಲವನ್ನೂ ನುಂಗಿಕೊಂಡು ಅವನ ಹಿಂದೆ ಪಾತ್ರೆ ಹೊತ್ತು ನಡೆದ. ಹೆಸರುಬೇಳೆ ಬೇಯಿಸಿ ಬಸಿದ ಕಟ್ಟಿನೊಳಗೆ ಜೀರಿಗೆಯನ್ನು ಯಾವಾಗ ಹಾಕಿದರೆ ಮೂಗು ಅರಳುತ್ತದೆ, ಉಪ್ಪಿಲ್ಲದ ಪಲ್ಯಕ್ಕೆ ನಿಂಬೆಹಣ್ಣನ್ನು ಯಾವಾಗ ಹಿಂಡಬೇಕು, ಒಂದೇ ನುಚ್ಚನ್ನು ಬೆಳಿಗ್ಗೆ ಹೇಗೆ ಬೇಯಿಸಬೇಕು, ಸಂಜೆ ಹೇಗೆ ಎಂಬುದನ್ನು ಕಲಿತ. ಉಣ್ಣುವವನ ಪಕ್ಕದಲ್ಲಿ ಕುಳಿತು, ಮೊದಲ ತುತ್ತು ಗಂಟಲು ದಾಟುವವರೆಗೆ ಸುಮ್ಮನಿರುವುದನ್ನೂ ಕಲಿತ. ಬಹಳ ಬೈಸಿಕೊಂಡ. ಒಂದು ದಿನ, ಬಹಳ ದಿನದಿಂದ ಮಲಗಿದ್ದ ಒಬ್ಬ ಮುದುಕಿ ಇನ್ನೊಂದು ಸೌಟು ಹಾಕು ಎಂದಳು. ಹೋಳಿಗೆಗೆ ಬಂದ ಯಾವ ಹೊಗಳಿಕೆಯೂ ಅವನಿಗೆ ಅಷ್ಟು ಸುಖ ಕೊಟ್ಟಿರಲಿಲ್ಲ.

ಅವನು ವ್ಯಾಪಾರಿಯ ಮನೆಗೆ ತಿರುಗಿ ಬಂದ. ಬಂದ ದಿನ ನುಚ್ಚು, ಬೇಳೆಯ ಕಟ್ಟು, ಒಂದು ಸೊಪ್ಪಿನ ಪಲ್ಯ ಮಾಡಿ ಪಕ್ಕದಲ್ಲಿ ಕುಳಿತ. ವ್ಯಾಪಾರಿ ತಟ್ಟೆ ಖಾಲಿ ಮಾಡಿ ಮತ್ತೆ ಮುಂದಕ್ಕೆ ಚಾಚಿದ. ಅವನು ಚೇತರಿಸಿಕೊಂಡ, ಬಹುಕಾಲ ಬದುಕಿದ. ಶಿಷ್ಯ ಏಳು ವರ್ಷ ಮುಗಿದ ಮೇಲೂ ಆ ಮನೆ ಬಿಡಲಿಲ್ಲ. ಹಿಡಿದು ಕೂರಿಸುವ ವೀಳ್ಯ ಆಗ ಯಾವುದೂ ಇರಲಿಲ್ಲ.

ಫಕೀರಪ್ಪನವರು ಕತೆ ನಿಲ್ಲಿಸಿದರು. ಕಸ್ತೂರಿ ಚುರುಕು ಹುಡುಗಿ. ಕತೆ ಮುಗಿಯುವ ಮೊದಲೇ ಅದರ ಸಾರವನ್ನು ತೆಗೆದಿಟ್ಟುಕೊಂಡಿದ್ದಳು. ಒಪ್ಪಂದದಲ್ಲಿ ತಪ್ಪಿಲ್ಲ, ಕಲಿಕೆ ನಿಲ್ಲಬಾರದು, ಅಷ್ಟೇ. ಅವಳಿಗೆ ಮನಸ್ಸು ಹಗುರವಾಯಿತು.

“ತಿಳೀತ್ರಿ ಸರ್. ಓದು ಮುಗಿಯೋತನಕಾ ಅವರು ನನ್ನ ಕಲಿಕಿಗೆ ಅಡ್ಡ ಬರಬಾರದು ಅಂತ ಒಂದು ಷರತ್ತು ಬರಸ್ತೀನಿ. ಆಮ್ಯಾಲೆ ಸಹಿ ಮಾಡ್ತೀನಿ” ಎಂದಳು.

ಫಕೀರಪ್ಪನವರು ಅವಳ ಮುಖ ನೋಡಿ ಮೆಲ್ಲಗೆ ಹೇಳಿದರು:

“ಅವರೆಲ್ಲಿ ಅಡ್ಡ ಬಂದಾರ ತಂಗಿ, ಪಾದ ತಿರುಚಿ ಹುಟ್ಟಿದ ಕೂಸುಗಳಿಗೆ ಪ್ಲಾಸ್ಟರ್ ಹಾಕೋ ನಿನ್ನ ಪಾಳಿ ಹೋದ ತಿಂಗಳ ಇನ್ನೊಬ್ರಿಗೆ ಬಿಟ್ಟುಕೊಟ್ಟಾಕಿ ನೀನ.”