ಮುಸುವನ ಕೂಗು

ಕಾಡಿನ ಮತ್ತಿಮರಕ್ಕೆ ಸಂಶೋಧಕರು ಒಂದು ಕ್ಯಾಮೆರಾ, ಒಂದು ಸ್ಪೀಕರ್ ಕಟ್ಟಿ ಹೋಗಿದ್ದರು. ಮಂಗಗಳ ಹಿಂಡಿಗೆ ಕಾವಲಿದ್ದ ಕಪ್ಪುಮೋರೆಯ ಮುಸುವ ಚಿರತೆ ಕಂಡಾಗ ಕೂಗುವ ಕೂಗನ್ನು ಅವರು ಮೊದಲೇ ಮುದ್ರಿಸಿಕೊಂಡಿದ್ದರು. ಚಿರತೆ ಇಲ್ಲದಾಗಲೂ ಸ್ಪೀಕರ್ ಅದನ್ನೇ ಕೂಗುತ್ತಿತ್ತು. ಹಿಂಡು ಹೇಗೆ ಓಡುತ್ತದೆಂದು ಕ್ಯಾಮೆರಾ ನೋಡುತ್ತಿತ್ತು. ಮೊದಮೊದಲು ಹಿಂಡು ಎದ್ದೆನೋ ಬಿದ್ದೆನೋ ಎಂದು ಮರ ಹತ್ತಿತು. ಬರಬರುತ್ತಾ ತಲೆ ಎತ್ತಿ ನೋಡುವುದನ್ನೂ ಬಿಟ್ಟಿತು.

ಒಂದು ಬೆಳಿಗ್ಗೆ ನಿಜವಾಗಿಯೂ ಚಿರತೆ ಬಂತು. ಮುಸುವ ಗಂಟಲು ಹರಿಯುವಂತೆ ಕೂಗಿದ. ಯಾರೂ ಕದಲಲಿಲ್ಲ. ಚಿರತೆ ಅವನ ಮಗಳನ್ನೇ ಕಚ್ಚಿಕೊಂಡು ಹೋಯಿತು.

ಮುಸುವ ಸ್ಪೀಕರಿನ ಎದುರು ಬಂದು ನಿಂತ. "ನನ್ನ ಕೂಗನ್ನು ಕದ್ದು ಸುಳ್ಳು ಹೇಳಿದೆಯಲ್ಲ, ನಾಚಿಕೆಯಾಗುವುದಿಲ್ಲವೇ ನಿನಗೆ?"

"ನಾನೇನೂ ಬದಲಿಸಿಲ್ಲ," ಎಂದಿತು ಸ್ಪೀಕರ್. "ಅದು ನಿನ್ನದೇ ದನಿ."

"ದನಿ ನನ್ನದು. ಚಿರತೆ ಎಲ್ಲಿತ್ತು?"

ಕ್ಯಾಮೆರಾ ನಡುವೆ ಬಾಯಿ ಹಾಕಿತು: "ಚಿರತೆ ನಮಗೆ ಬೇಕಿರಲಿಲ್ಲ. ನಿನ್ನ ಕೂಗಿನ ಅರ್ಥ ತಿಳಿಯಬೇಕಿತ್ತು."

"ನೀವು ಬರುವ ತನಕ ಅದಕ್ಕೆ ಅರ್ಥವಿತ್ತು! ಈಗ ನಾನು ಕೂಗಿದರೆ ನನ್ನ ಹೆಂಡತಿಯೇ ಎಲೆ ತಿನ್ನುತ್ತಾ ಕೂತಿರುತ್ತಾಳೆ. ಮಗಳು ಹೋದದ್ದನ್ನು ನೀನು ನೋಡಲಿಲ್ಲವೇ?"

"ನೋಡಿದೆ. ಬಹಳ ಸ್ಪಷ್ಟವಾಗಿ ಬಂದಿದೆ."

ಮುಸುವ ಸ್ಪೀಕರನ್ನು ಕಿತ್ತು ಬಂಡೆಗೆ ಅಪ್ಪಳಿಸಿದ. ಕ್ಯಾಮೆರಾ ಅದನ್ನೂ ಹಿಡಿದುಕೊಂಡಿತು.

ಆಮೇಲೆ ಬಂದ ಸಂಶೋಧಕರು ಎರಡು ದೃಶ್ಯಗಳನ್ನೂ ಕತ್ತರಿಸಿ ಬೇರೆ ಬೇರೆ ಇಟ್ಟರು. ಮಗಳದ್ದಕ್ಕೆ 'ಚಿರತೆಯ ಬೇಟೆ' ಎಂದು ಹೆಸರಿಟ್ಟರು. ಅಪ್ಪನದ್ದಕ್ಕೆ 'ಮುಸುವನ ಕಾರಣವಿಲ್ಲದ ಸಿಟ್ಟು' ಎಂದು ಬರೆದರು.