ಪ್ರಿಂಟರಿನ ಕೊನೆಯ ಕೋರಿಕೆ

ಶಾಲೆಯ ಕಂಪ್ಯೂಟರಿಗೆ, ಊರೂರಿನ ಜನ ಸೇರಿ ಪುಕ್ಕಟೆ ಕಟ್ಟುವ ಮುಕ್ತ ತಂತ್ರಾಂಶದ ಹೊಸ ಆವೃತ್ತಿ ಹಾಕಿದರು. ಪಕ್ಕದ ಹಳೇ ಪ್ರಿಂಟರ್ ಆಸೆಯಿಂದ ಕೇಳಿತು: "ಅಣ್ಣಾ, ಈ ಸಲವಾದರೂ ನಿನಗೆ ನನ್ನ ಗುರುತು ಹತ್ತಿತೇ? ಇಲ್ಲದಿದ್ದರೆ ನಾಳೆ ನನ್ನನ್ನು ಗುಜರಿಗೆ ಹಾಕುತ್ತಾರಂತೆ."

"ಇಲ್ಲ ತಮ್ಮಾ. ವಿಂಡೋ ಮುಚ್ಚುವ ಬಟನ್ ಎಡಕ್ಕಿರಬೇಕೋ ಬಲಕ್ಕೋ ಎಂದು ಜಗಳವಾಡಿ ತಂತ್ರಾಂಶ ಕಟ್ಟುವವರು ಎರಡು ಪಂಗಡವಾದರು. ಈಗ ಎರಡೂ ಕಡೆಯವರು ಮೊದಲಿನಿಂದ ತಮ್ಮ ತಮ್ಮ ಡೆಸ್ಕ್‌ಟಾಪ್ ಪರದೆ ಕಟ್ಟುತ್ತಿದ್ದಾರೆ."

"ನನ್ನ ಗುರುತು ಹತ್ತಿಸುವ ಕೆಲಸ ಹಿಡಿದಿದ್ದವರು?"

"ಒಬ್ಬಳೇ ಇದ್ದಳು. ಆಫೀಸು ಮುಗಿಸಿ ಬಂದು ಪ್ರೋಗ್ರಾಂ ಬರೆಯುತ್ತಿದ್ದಳು. ದಿನಾ ದೂರು ಬಂತೇ ಹೊರತು ಒಂದು ಒಳ್ಳೆಯ ಮಾತು ಬರಲಿಲ್ಲ. ಬಿಟ್ಟುಬಿಟ್ಟಳು."

ಪ್ರಿಂಟರ್ ಹೇಳಿತು: "ನಾನೂ ಆರು ವರ್ಷ ದೂರಿದ್ದೇ ಆಯಿತು. ಅವಳಿಗೊಂದು ಥ್ಯಾಂಕ್ಸ್ ತಲುಪಿಸು."

ಕಂಪ್ಯೂಟರ್ ತನ್ನೊಳಗೆಲ್ಲ ಹುಡುಕಿತು. "ದೂರು ಬರೆಯಲು ಜಾಗವಿದೆ ತಮ್ಮಾ," ಎಂದಿತು. "ಥ್ಯಾಂಕ್ಸ್ ಬರೆಯಲು ಎರಡು ಪಂಗಡದವರೂ ಜಾಗ ಮಾಡಿಲ್ಲ."