ಸಾಲಿನ ಕೊನೆಯ ಏಡಿ

ಕಡಲ ದಂಡೆಯಲ್ಲಿ ಖಾಲಿ ಶಂಖಗಳನ್ನೇ ಮನೆ ಮಾಡಿಕೊಂಡ ಏಡಿಗಳಿದ್ದವು. ಮೈ ಬೆಳೆದು ಮನೆ ಬಿಗಿಯಾದಾಗ ಅವು ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ನಿಲ್ಲುತ್ತಿದ್ದವು. ಮುಂದಿನದು ಬಿಟ್ಟ ಶಂಖಕ್ಕೆ ಹಿಂದಿನದು ಹೋಗುವುದು ಅವುಗಳ ಪದ್ಧತಿ.

ಒಂದು ದಿನ ಮುದಿ ಏಡಿಯೊಂದು ದೊಡ್ಡ ಶಂಖವನ್ನು ಹೊಕ್ಕಿತು. ಆದರೆ ಹಳೆಯದನ್ನು ಮುಂಗಾಲಲ್ಲಿ ಅವುಚಿಕೊಂಡೇ ಕೂತಿತು.

"ಅಜ್ಜಾ, ಅದನ್ನು ಬಿಡಿ. ಸಾಲು ನಿಂತುಹೋಗಿದೆ" ಎಂದಿತು ಕೊನೆಯಲ್ಲಿದ್ದ ಮರಿ. ಶಂಖ ಸಿಗದೆ ಅದು ಸೋಡಾ ಬಾಟಲಿಯ ಮುಚ್ಚಳ ಹೊತ್ತು ನಿಂತಿತ್ತು.

"ನಾನು ಬಾಳಿ ನುಣುಪು ಮಾಡಿದ ಮನೆ ಇದು. ಬಿಟ್ಟರೆ ನನಗೇನು ಸಿಗುತ್ತದೆ?"

ಅಷ್ಟರಲ್ಲಿ ಹದ್ದಿನ ನೆರಳು ಬಿತ್ತು. ಉಳಿದ ಏಡಿಗಳು ಒಳಗೆ ಮುದುಡಿದವು. ಮುಚ್ಚಳದಡಿ ಮರಿಗೆ ಅಡಗಲು ಜಾಗವಿರಲಿಲ್ಲ. ಮುದಿ ಏಡಿಗೂ ಪೂರ್ತಿ ಒಳಗೆ ಹೋಗಲಾಗಲಿಲ್ಲ, ಹಳೆಯ ಶಂಖ ಹಿಡಿದ ಕಾಲು ಹೊರಗೇ ಇತ್ತು. ಕೊನೆಗೆ ಅದು ಹಿಡಿತ ಬಿಟ್ಟಿತು. ಉರುಳಿಬಂದ ಶಂಖದೊಳಗೆ ಮರಿ ನುಗ್ಗಿತು. ಹದ್ದಿಗೆ ಸಿಕ್ಕಿದ್ದು ಬರೀ ಮರಳು.

ಆಮೇಲೆ ಮರಿ ಆ ದೊಡ್ಡ ಶಂಖದಿಂದ ಹೊರಬಂತು, ಸಾಲು ಸರಿಯಿತು. ಒಂದು ಬಿಟ್ಟದ್ದಕ್ಕೆ ಇನ್ನೊಂದು ಹೋಗುತ್ತಾ, ಮರಿಗೂ ಅಳತೆಗೆ ತಕ್ಕ ಶಂಖ ಸಿಕ್ಕಿತು. ಮುಚ್ಚಳ ಮಾತ್ರ ಮರಳಲ್ಲೇ ಉಳಿಯಿತು.

"ಅಜ್ಜಾ, ಇದು ಯಾರಿಗೆ?"

"ಅದು ಮನುಷ್ಯರು ಬಿಟ್ಟದ್ದು, ಮಗಾ. ಬಿಟ್ಟದ್ದನ್ನು ಯಾರಿಗೆ ಮುಟ್ಟಿಸಬೇಕು ಅಂತ ಅವರಿನ್ನೂ ಕಲಿಯುತ್ತಿದ್ದಾರೆ. ಕಲಿತಾರು ಬಿಡು, ನಾನೂ ಇವತ್ತೇ ಕಲಿತದ್ದು."